ಅರಿವಿ ಚೀಲದಾಗ ಏನೈತಿ ಅಂತ ಬಿಚ್ಚದ ಗೊತ್ತಾಗಬೇಕು, ಗುರುತ ಹೆಂಗ ಹಾಕೋದ್ರಿ?

ನವನಗರದಾಕಿ, ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ಮುಂದಿನ ತಿಂಗಳ ಮನಿ ಮಂದಿಯೆಲ್ಲಾ ಕಾಶಿಗೆ ಹೊಂಟೇವಿ, ಅತ್ತಿ ಮಾವ, ನಾವಿಬ್ರು, ಹುಡುಗ್ರು, ಹುಬ್ಬಳ್ಳಿಂದ ರೈಲು. ದೊಡ್ಡ ಬ್ಯಾಗಿನ್ಯಾಗ ಎಲ್ಲಾ ಬಿಡಿಬಿಡಿ ತುರಕೋದರಕಿಂತ ಒಂದೊಂದ ಚೀಲದಾಗ ಒಂದೊಂದ ಇಟ್ರ ಛಲೋ ಅಂತ ಹಳೇ ಇಳಕಲ್ಲ ಸೀರಿ ಮತ್ತ ಉಳದ ಖಣದ ತುಂಡಿನ್ಯಾಗ ಲಾಡಿ ಎಳಿಯೋ ಸಣ್ಣ ಸಣ್ಣ ಚೀಲ ಹೊಲಿಸೀನಿ. ಚೀಲ ಚಂದ ಆಗ್ಯಾವ, ಆದ್ರ ಹೊರಗಿಂದ ನೋಡಿದ್ರ ಎಲ್ಲಾ ಒಂದ ನಮೂನಿ ಕಾಣತಾವ. ಯಾವದ್ರಾಗ ಹುಡುಗರ ಚಡ್ಡಿ ಬನಿಯನ್ ಅದಾವ, ಯಾವದ್ರಾಗ ಅತ್ತಿಯವರ ಪೂಜಿ ಸಾಮಾನ ಐತಿ ಅಂತ ಬಿಚ್ಚದ ಗೊತ್ತಾಗಂಗಿಲ್ಲ, ಒಂದ ಹುಡಕಾಕ ಹೋದ್ರ ಎಲ್ಲಾ ಲಾಡಿ ಬಿಚ್ಚಿ ಮತ್ತ ಕಟ್ಟಬೇಕು.

ಸ್ಟಿಕರ್ ಅರಿವಿ ಮ್ಯಾಲೆ ನಿಲ್ಲಂಗಿಲ್ಲ, ಚೀಲ ಮಡಚಿದ ಕೂಡಲೇ ಅಂಚ ಎದ್ದ ಬರತಾವ. ಮಾರ್ಕರ್ ಪೆನ್ನಿಲೆ ಖಣದ ಮ್ಯಾಲೆ ಬರದ್ರ ಶಾಯಿ ನೂಲಿನಗುಂಟ ಹರದ ಅಕ್ಷರ ಹಬ್ಬತಾವ, ಅದೂ ಅಲ್ಲದ ಬಣ್ಣ ಗಾಢ ಇರೋದಕ್ಕ ಬರದದ್ದ ಕಾಣೂದೂ ಇಲ್ಲ. ಆನ್‌ಲೈನದಾಗ ಹೆಸರ ನೇಯ್ದ ಲೇಬಲ್ ಮಾಡಿ ಕೊಡತಾರಂತ, ಆದ್ರ ಹೋಗೋದರೊಳಗ ಬರತಾವೋ ಇಲ್ಲೋ.

ಇನ್ನೊಂದ ಮಾತ ಐತಿ, ನನಗ ಇದ ಎಲ್ಲಾದಕಿಂತ ದೊಡ್ಡದ. ನಮ್ಮ ಅತ್ತಿಯವರಿಗೆ ಓದಾಕ ಬರಂಗಿಲ್ಲ. ತಮ್ಮ ಸಾಮಾನ ತಾವ ತಗೊಂಡ ತಾವ ಇಡಬೇಕು ಅನ್ನೋರು ಅವರು, ಊರ ಬಿಟ್ಟ ಹೋದಲ್ಲಿ ಪ್ರತಿಯೊಂದಕ್ಕೂ ಸೊಸಿನ್ನ ಎಬ್ಬಿಸಿ ಕೇಳೋದ ಅವರಿಗೆ ಭಾಳ ಸಂಕೋಚ, ನಾನೂ ಅವರಿಗೆ ಹಂಗಾಗಬಾರದು ಅಂತೇನಿ. ಅವರಿಗೂ ತಿಳಿಯೋ ಹಂಗ, ತೊಳದ್ರೂ ಹೋಗದ ಹಂಗ ಗುರುತ ಹಾಕೋ ಉಪಾಯ ಇದ್ರ ಹೇಳ್ರಿ. ನನ್ನ ಹಂತೇಕ ಹೊಲಗಿ ಮಷಿನ್ ಐತಿ, ಸಾದಾ ಹೊಲಗಿ ಬರತೈತಿ.


ಟೇಲರ್, ಗುಳೇದಗುಡ್ಡ

ಅಕ್ಕಾರ, ಖಣದ ಮ್ಯಾಲೆ ನೇರ ಬರಿಯೋ ವಿಚಾರ ಬಿಟ್ಟ ಬಿಡ್ರಿ. ನಮ್ಮೂರ ಖಣ ಅಂದ್ರ ಅದರ ಬುಟ್ಟಾನ ಚಂದ, ಅದರ ಮ್ಯಾಲೆ ಏನ ಬರದ್ರೂ ಬುಟ್ಟಾದಾಗ ಕಳದ ಹೋಗತೈತಿ. ಬಿಳಿ ಪಾಪ್ಲಿನ್ ತಗೋರಿ, ಬ್ಲೌಜಿಗೆ ಹಾಕೋ ಅಸ್ತರಿನ ಬಿಳಿ ಕಾಟನ್ ಉಳದಿದ್ರ ಅದೂ ನಡೀತೈತಿ. ಬರಿಯೋಕಿಂತ ಮೊದಲ ಒಂದ ಸಲ ಬಿಸಿನೀರಾಗ ಸೋಪ್ ಹಾಕಿ ಒಗೀರಿ, ಹೊಸಾ ಅರಿವ್ಯಾಗ ಗಂಜಿ ಇರತೈತಿ ನೋಡ್ರಿ, ಆ ಗಂಜಿ ಮ್ಯಾಲೆ ಬರದ್ರ ಶಾಯಿ ನೂಲಿಗೆ ಹತ್ತದ ಮ್ಯಾಲೇ ಕುಂತಿರತೈತಿ, ಮೊದಲನೇ ಸಲ ಒಗದಾಗನ ಗಂಜಿ ಜೋಡಿ ಹೋಗಿ ಬಿಡತೈತಿ. ಒಗದ್ರ ಅರಿವಿ ಏನ ಕುಗ್ಗೋದೈತಿ ಅದೂ ಆಗಲೇ ಕುಗ್ಗತೈತಿ, ಆಮ್ಯಾಲೆ ಲೇಬಲ್ ಸುಕ್ಕಾಗಂಗಿಲ್ಲ.

ಒಣಗಿದ ಮ್ಯಾಲೆ ಇಸ್ತ್ರಿ ಮಾಡಿ ಬರೀರಿ. ಅರಿವಿ ಮ್ಯಾಲೆ ಬರಿಯೋ ಪೆನ್ನ ಬ್ಯಾರೇನ ಸಿಗತಾವ, ಸ್ಟೇಷನರಿ ಅಂಗಡ್ಯಾಗ ಫ್ಯಾಬ್ರಿಕ್ ಮಾರ್ಕರ್ ಅಂತ ಕೇಳ್ರಿ. ಬರದ ಪೂರ್ತಿ ಒಣಗಾಕ ಬಿಟ್ಟ ಮ್ಯಾಲೆ ಒಂದ ತೆಳು ಅರಿವಿ ಹಾಕಿ ಇಸ್ತ್ರಿ ಎಳೀರಿ, ನೀರ ಮಾತ್ರ ಚಿಮಕಸಬ್ಯಾಡ್ರಿ, ಕಾವಿಗೆ ಶಾಯಿ ನಿಲ್ಲತೈತಿ. ಎಷ್ಟ ಹೊತ್ತ ಕಾವ ಕೊಡಬೇಕು ಅಂತ ಪೆನ್ನಿನ ಪಾಕೀಟ ಮ್ಯಾಲೆ ಇರತೈತಿ, ಅದರ ಪ್ರಕಾರ ಮಾಡ್ರಿ. ಸಾದಾ ಪರ್ಮನೆಂಟ್ ಮಾರ್ಕರ್ ನೀರಿಗೆ ತಡೀತೈತಿ ಖರೆ, ಆದ್ರ ಅದರ ಶಾಯಿ ಸ್ಪಿರಿಟಿಗೆ ಕರಗೋ ಅಂಥಾದ್ದು, ಬ್ಯಾಗಿನ್ಯಾಗ ಸ್ಯಾನಿಟೈಸರ್ ಬಾಟ್ಲಿ ಒಂದ ಸೋರಿದ್ರ ಬರದದ್ದೆಲ್ಲಾ ನೀಲಿ ಕಲಿ ಆಗತೈತಿ.

ಈಗ ಎಲ್ಲಿ ಹೊಲೀಬೇಕು ಅನ್ನೋದು. ಇದ ಭಾಳ ಮುಖ್ಯ, ಮಂದಿ ಇಲ್ಲೇ ಲಕ್ಷ್ಯ ಕೊಡಂಗಿಲ್ಲ. ಚೀಲದ ನಡುಬರಕ ಚಂದ ಕಾಣತೈತಿ ಅಂತ ಹೊಲಿತಾರ, ಆದ್ರ ದೊಡ್ಡ ಬ್ಯಾಗಿನ್ಯಾಗ ಚೀಲ ಒಂದಕ್ಕೊಂದ ಒತ್ತಿ ಕುಂತಾಗ ನಡುಬರಕ ಯಾರಿಗೂ ಕಾಣಂಗಿಲ್ಲ. ಬಾಯಿ ಹತ್ರ ಹೊಲದ್ರ ಲಾಡಿ ಎಳದಾಗ ನೆರಿಗಿ ಬಿದ್ದ ಅಕ್ಷರ ಮುಚ್ಚತಾವ. ಅದಕ್ಕ ನಾ ಏನ ಮಾಡತೇನಿ ಅಂದ್ರ ಅಂಗಿ ಬದಿಗೆ ಕಂಪನಿ ಪಟ್ಟಿ ಹೊರಗ ಇರತೈತಲ್ಲ, ಹಂಗ ಪಾಪ್ಲಿನ್ ಪಟ್ಟಿ ಎರಡ ಮಡಿಕಿ ಮಾಡಿ ಬದಿಯ ಹೊಲಗಿ ಒಳಗ ಸೇರಸ್ತೇನಿ, ಎರಡ ಬೆರಳಷ್ಟ ಹೊರಗ ಚಾಚಿರತೈತಿ. ಒಳಗ ಕಾಲರಿಗೆ ಹಾಕೋ ಬಕ್ರಂ ತುಂಡ ಇಟ್ರ ಪಟ್ಟಿ ಮಡಚಂಗಿಲ್ಲ, ಸೆಟದ ನಿಲ್ಲತೈತಿ. ನಿಮ್ಮ ಚೀಲ ಹೊಲದ ಆಗ್ಯಾವ ಅಂದ್ರೂ ಚಿಂತಿ ಇಲ್ಲ, ಬದಿಯ ಹೊಲಗಿ ಒಂದ ಹೆಬ್ಬೆರಳಷ್ಟ ಬಿಚ್ಚಿ ಪಟ್ಟಿ ತೂರಿಸಿ ಮತ್ತ ಎರಡ ಸಲ ಮಷಿನ್ ಹೊಡೀರಿ.


ವಿಜಾಪುರ–ಬೆಂಗಳೂರ ರಾತ್ರಿ ಬಸ್

ಟೇಲರ್ ಅಣ್ಣಾರ ಹೇಳಿದ್ದ ಹೊಲಗಿ ಮಟ್ಟಿಗೆ ಬರೋಬ್ಬರಿ ಐತ್ರಿ, ಆದ್ರ ಲೇಬಲ್ ಮ್ಯಾಲೆ ಏನ ಬರೀಬೇಕು ಅನ್ನೋದನ್ನೂ ವಿಚಾರ ಮಾಡಬೇಕು. ನಾ ತಿಂಗಳಿಗೊಮ್ಮೆಯರ ಸ್ಲೀಪರ್ ಬಸ್ಸಿನ್ಯಾಗ ಹೋಗಿ ಬರಾವ. "ಬಟ್ಟಿ", "ಇತರೆ ಸಾಮಾನು" ಅಂತ ಬರದ್ರ ಏನೂ ಉಪಯೋಗ ಇಲ್ರಿ, ಎಲ್ಲಾನೂ ಬಟ್ಟೀನ. ಆ ಚೀಲ ಯಾವಾಗ ಬೇಕಾಗತೈತಿ ಅನ್ನೋದನ್ನ ಬರೀರಿ. ನನ್ನವು ಹಿಂಗ ಅದಾವ, "ಬಸ್ಸಿನ್ಯಾಗ" ಅಂತ ಒಂದು, ಅದರಾಗ ಚಾರ್ಜರ್, ಪವರ್ ಬ್ಯಾಂಕ್, ಹೊದಕಿ. "ಇಳದ ಕೂಡಲೇ" ಅಂತ ಒಂದು, ಅದರಾಗ ಬ್ರಶ್ಶು ಪೇಸ್ಟು ಟಾವೆಲ್ಲು ಒಂದ ಜೊತಿ ಅಂಗಿ ಪ್ಯಾಂಟ್. ಉಳದದ್ದೆಲ್ಲಾ "ರೂಮಿಗೆ ಹೋದ ಮ್ಯಾಲೆ". ಹಿಂಗ ಮಾಡಿದ್ರ ದಾರ್ಯಾಗ ದೊಡ್ಡ ಬ್ಯಾಗ ತೆಗಿಯೋದ ಬರೂದೇ ಇಲ್ಲ. ಅಕ್ಕಾರ ನಿಮಗಾದ್ರ "ರೈಲಿನ್ಯಾಗ", "ಗಂಗಾ ಜಳಕಕ್ಕ", "ಗುಡಿಗೆ", "ಕಡೀ ದಿನ" ಅಂತ ಮಾಡಬಹುದು. ವಿಶ್ವನಾಥನ ಗುಡಿಗೆ ಹೋಗೋವಾಗ ಬ್ಯಾಗು ಮೊಬೈಲ್ ಒಳಗ ಬಿಡಂಗಿಲ್ಲ, ಹೂ ಹಣ್ಣು ಪೂಜಿದಷ್ಟ ಒಂದ ಸಣ್ಣ ಚೀಲದಾಗ ಬ್ಯಾರೇ ಇದ್ರ ಅಲ್ಲಿ ರಸ್ತೆದಾಗ ನಿಂತ ದೊಡ್ಡ ಬ್ಯಾಗ ಜಾಲಾಡೋ ಪ್ರಸಂಗ ಬರಂಗಿಲ್ಲ.

ಇನ್ನೊಂದು, ಕತ್ತಲಿ. ರಾತ್ರಿ ಬಸ್ಸಿನ್ಯಾಗ ಲೈಟ್ ಆರಸ್ತಾರ, ಅಲ್ಲಿ ಬರದದ್ದ ಯಾರ ಓದಬೇಕು. ಬ್ಯಾರೇವ್ರ ಕಣ್ಣಿಗೆ ಮೊಬೈಲ್ ಬ್ಯಾಟರಿ ಹೊಡಿಯೋದ ಛಲೋ ಅನಸಂಗಿಲ್ಲ. ಹಂಗಂತ ಲಾಡಿ ತುದಿಗೆ ಗಂಟ ಹಾಕೀನಿ, ಒಂದ ಗಂಟ ಇದ್ರ ಚಾರ್ಜರ್, ಎರಡಿದ್ರ ಜಳಕದ್ದು, ಕೈಯಾಡಿಸಿದ್ರ ತಿಳೀತೈತಿ. ನಿಮ್ಮ ಅತ್ತಿಯವರಿಗೂ ಇದ ಆಗಬಹುದು ಅನಸ್ತೈತಿ, ಓದಾಕ ಬರೋದ ಬ್ಯಾಡ, ಕಣ್ಣ ಮಂಜಾಗಿದ್ರೂ ನಡೀತೈತಿ. ಆದ್ರ ಮೂರಕಿಂತ ಜಾಸ್ತಿ ಗಂಟ ಬ್ಯಾಡ್ರಿ, ಎಣಸೋದ ಆಗತೈತಿ.

ಹಾಂ, ಬಟ್ಟಿ ಅಂಗಡ್ಯಾಗ ಕೊಡೋ ನಾನ್ ವೋವನ್ ಚೀಲ ಯಾರರ ಬಳಸೋರಿದ್ರ ಅದಕ್ಕ ಇಸ್ತ್ರಿ ಪೆಟ್ಟಿಗಿ ಮುಟ್ಟಸಬ್ಯಾಡ್ರಿ. ಅದ ಅರಿವಿ ಹಂಗ ಕಂಡ್ರೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು, 160 ಡಿಗ್ರಿ ಹತ್ರ ಕರಗತೈತಿ, ಕಾಟನಿಗೆ ಇಡೋ ಕಾವ 200 ಡಿಗ್ರಿ ಹತ್ರ ಇರತೈತಿ. ಅದಕ್ಕ ಹಿಂದ ಐಡಿ ಕಾರ್ಡಿನ ಪಾರದರ್ಶಕ ಪಾಕೀಟ ಹೊಲದ ಬಿಡ್ರಿ, ಒಳಗ ಚೀಟಿ ಬದಲ ಮಾಡತಾ ಇರಬಹುದು.


ಕಸೂತಿ ಮಾಡಾಕಿ, ಶಹಾಪುರ ಬೆಳಗಾವಿ

ತಂಗೀ, ನಿನ್ನ ಪ್ರಶ್ನೆ ಓದಿ ಮನಸಿಗೆ ಭಾಳ ಹತ್ತರ ಅನಸ್ತು. ಓದಾಕ ಬರದವರಿಗೆ ಗುರುತ ತಿಳಿಯಂಗಿಲ್ಲ ಅಂತ ಅಲ್ಲ, ಅವರಿಗೆ ತಿಳಿಯೋ ಗುರುತನ್ನ ನಾವು ಹಾಕಂಗಿಲ್ಲ ಅಷ್ಟ. ನಿಮ್ಮ ಅತ್ತಿಯವರು ಇಳಕಲ್ಲ ಸೀರಿ ಉಟ್ಟ ದೊಡ್ಡಾದವ್ರು ಇರಬೇಕಲ್ಲ, ಅವರಿಗೆ ತುಳಸಿಕಟ್ಟಿ, ತೇರು, ಗೋಪುರ, ಆನಿ, ಶಂಖ ಇವೆಲ್ಲಾ ಕಸೂತ್ಯಾಗ ನೋಡಿ ಗೊತ್ತಿದ್ದದ್ದ. ಪೂಜಿ ಚೀಲಕ್ಕ ತುಳಸಿಕಟ್ಟಿ ಹಾಕಿದ್ರ ಅದನ್ನ ಯಾರೂ ಓದಿ ಹೇಳಬೇಕಾಗಿಲ್ಲ.

ಹೆಂಗ ಹಾಕೋದು ಅಂದ್ರ, ಕಸೂತಿ ನೂಲ ಎಣಿಸಿ ಹಾಕೋ ಕೆಲಸ, ಪೆನ್ಸಿಲಿಲೆ ಚಿತ್ರ ಬರದ ಅದರ ಮ್ಯಾಲೆ ಹಾಕೋದಲ್ಲ. ಇಳಕಲ್ಲ ಸೀರಿ ನೂಲ ಸಣ್ಣ, ಹಳೇದಾಗಿದ್ರ ಎಣಸಾಕ ಕಣ್ಣ ನೋಯತಾವ, ಅದಕ್ಕ ಚೀಲದ ಮ್ಯಾಲೆ ನೇರ ಹಾಕಬ್ಯಾಡ. ಮ್ಯಾಟಿ ಅರಿವಿ ಒಂದ ತುಂಡ ತಗೋ, ಅದರಾಗ ನೂಲ ದಪ್ಪ ಇರತಾವ, ಚೌಕ ಚೌಕ ಕಾಣತಾವ, ಅದರ ಮ್ಯಾಲೆ ಹಾಕಿ ಆ ತುಂಡ ಟೇಲರ್ ಹೇಳಿದಂಗ ಚೀಲಕ್ಕ ಹೊಲಿ. ಗವಂತಿ ಹೊಲಗಿ ಹೋಗೋವಾಗ ಒಂದ ಬಿಟ್ಟ ಒಂದ ಹಾಕಿ ತಿರಗಿ ಬರೋವಾಗ ಬಿಟ್ಟದ್ದ ತುಂಬೋದು, ಎರಡೂ ಮಗ್ಗಲ ಒಂದ ಥರಾ ಬರತೈತಿ, ಗಂಟ ಎಲ್ಲೂ ಕಾಣಂಗಿಲ್ಲ. ಪಟ್ಟಿ ಹೊರಗ ಚಾಚಿ ನಿಲ್ಲೋ ಲೇಬಲ್ಲಿಗೆ ಇದ ಭಾಳ ಛಲೋ, ಯಾಕಂದ್ರ ಚೀಲ ಯಾ ಕಡಿ ತಿರಗಿ ಬಿದ್ದಿದ್ರೂ ಚಿತ್ರ ಕಾಣತೈತಿ. ಮುರ್ಗಿ ಅಂದ್ರ ಮೆಟ್ಟಲ ಮೆಟ್ಟಲ ಹೋಗೋದು, ಅದೂ ಎರಡೂ ಕಡಿ ಸರಿ ಬರತೈತಿ. ಮೆಂತಿ ಅಂದ್ರ ಕ್ರಾಸ್ ಹೊಲಗಿ, ಅದ ದಪ್ಪ ಕುಂಡ್ರತೈತಿ, ಬೆರಳಿಗೆ ಹತ್ತತೈತಿ, ಆದ್ರ ಹಿಂದಿನ ಮಗ್ಗಲ ಬ್ಯಾರೇ ಕಾಣತೈತಿ, ಅದನ್ನ ಚೀಲಕ್ಕ ಅಂಟಿ ಕೂಡೋ ತುಂಡಿಗೆ ಹಾಕು.

ಒಂದ ಮಾತ ಮಾತ್ರ ನೆನಪಿಡು. ಯಾವ ಚೀಲಕ್ಕ ಯಾವ ಚಿತ್ರ ಅನ್ನೋದನ್ನ ನೀ ಠರಾಯಿಸಬ್ಯಾಡ, ಅತ್ತಿಯವರನ್ನ ಕೂಡಿಸಿಕೊಂಡ ಕೇಳು. "ಅತ್ತಿ, ನಿಮ್ಮ ಸೀರಿ ಚೀಲಕ್ಕ ಏನ ಹಾಕೂಣು" ಅಂದ್ರ ಅವರ ಹೇಳತಾರ. ಅವರ ಆರಿಸಿದ್ದ ಅವರಿಗೆ ನೆನಪಿರತೈತಿ, ನಾವು ಆರಿಸಿ ಕೊಟ್ಟದ್ದನ್ನ ಅವರು ಬಾಯಿಪಾಠ ಮಾಡಬೇಕಾಗತೈತಿ.


ವಿಜಾಪುರ–ಬೆಂಗಳೂರ ರಾತ್ರಿ ಬಸ್

ಅಕ್ಕಾರ ವಿಚಾರ ಭಾಳ ಛಲೋ ಐತ್ರಿ, ಆದ್ರ ಅವರಿಗೆ ಇರೋದ ಒಂದ ತಿಂಗಳ, ಮನಿ ಕೆಲಸ ಹುಡುಗ್ರು ಎಲ್ಲಾ ನೋಡಕೊಂಡ ಎಲ್ಲಾ ಚೀಲಕ್ಕೂ ಕಸೂತಿ ಆಗಬಹುದೇನ್ರಿ?


ಕಸೂತಿ ಮಾಡಾಕಿ, ಶಹಾಪುರ ಬೆಳಗಾವಿ

ಎಲ್ಲಾದಕ್ಕೂ ಯಾಕ ಬೇಕ ತಮ್ಮಾ. ಅತ್ತಿಯವರು ಮುಟ್ಟೋ ಚೀಲಕ್ಕಷ್ಟ. ಉಳದವರಿಗೆ ಅಕ್ಷರ ಬರತಾವ, ಅವರಿಗೆ ಪಾಪ್ಲಿನ್ ಪಟ್ಟಿ ಸಾಕು. ಮತ್ತ ಪೂರ್ತಿ ತೇರು ಗೋಪುರ ಹಾಕಬೇಕಂತಲೂ ಇಲ್ಲ, ಎರಡ ಬೆರಳ ಅಗಲದ ತುಳಸಿಕಟ್ಟಿ ಕುಂತಲ್ಲೇ ಆಗತೈತಿ.


ಔಷಧ ಅಂಗಡ್ಯಾಗ ಕೆಲಸ, ಬೆಳಗಾವಿ

ಎಲ್ಲಾರೂ ಛಲೋ ಹೇಳ್ಯಾರ. ಗುಳಿಗಿ ಚೀಲದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕ ಬರೀಲಿಕತ್ತೀನಿ. ವಯಸ್ಸಾದವ್ರು ಇಬ್ರು ಅದಾರ ಅಂದ್ರ ಇಬ್ಬರದೂ ಬ್ಯಾರೆ ಬ್ಯಾರೆ ಚೀಲ ಮಾಡ್ರಿ, ದಯವಿಟ್ಟ ಒಂದ್ರಾಗ ಕೂಡಸಬ್ಯಾಡ್ರಿ. ಬಿಪಿ ಗುಳಿಗಿ ಸಕ್ಕರಿ ಗುಳಿಗಿ ಎರಡೂ ಬೆಳ್ಳಗ ಸಣ್ಣಗ ಇರೋವು ಎಷ್ಟೋ ಅದಾವ, ಪಾಕೀಟಿಂದ ಬಿಡಿಸಿ ಬಿಡಿ ಇಟ್ರ ಮನ್ಯಾಗ ಇದ್ದವ್ರಿಗೂ ಗುರುತ ಸಿಗಂಗಿಲ್ಲ. ಗುಳಿಗಿ ಪಟ್ಟಿ (ಸ್ಟ್ರಿಪ್) ಬಿಡಸದ ಹಂಗ ಇರಲಿ. ಒಂದೊಂದ ಗುಳಿಗಿ ಕತ್ತರಿಸಿ ತಗೊಳ್ಳೋವಾಗ ಹೆಸರು ಮತ್ತ ಮುಗಿಯೋ ತಾರೀಖ ಇದ್ದ ತುದಿ ಕಡೀಕ ಉಳಿಯೋ ಹಂಗ ಇನ್ನೊಂದ ತುದಿಯಿಂದ ತಗೋತ ಹೋಗ್ರಿ. ಚೀಲದೊಳಗ ಒಂದ ಚೀಟಿ ಇಡ್ರಿ, ಗುಳಿಗಿ ಹೆಸರು, ಎಷ್ಟ ಎಂಜಿ, ಯಾವಾಗ, ಊಟದ ಮೊದಲೋ ಆಮ್ಯಾಲೋ. ಪರ ಊರಾಗ ಆರಾಮ ತಪ್ಪಿ ಡಾಕ್ಟರ ಕಡೆ ಹೋದ್ರ ಅವರು ಮೊದಲ ಕೇಳೋದ ಅದನ್ನ. ಆ ಚೀಟಿ ಇಂಗ್ಲಿಷಿನ್ಯಾಗ ಇರಲಿ, ಕಾಶ್ಯಾಗ ಕನ್ನಡ ಓದೋರು ಸಿಗೋದ ಕಷ್ಟ.

ಓದಾಕ ಬರದವರಿಗೆ ಗುಳಿಗಿ ಚೀಲದಾಗ ಎರಡ ಖಾನೆ ಮಾಡಿ ಒಂದಕ್ಕ ಸೂರ್ಯ ಒಂದಕ್ಕ ಚಂದ್ರ ಹೊಲದ್ರ ಮುಂಜಾನೆ ಯಾವದು ರಾತ್ರಿ ಯಾವದು ತಿಳೀತೈತಿ. ಆದ್ರ ಬರೇ ಬಣ್ಣದ ಮ್ಯಾಲೆ ಬಿಡಬ್ಯಾಡ್ರಿ, ಕೆಂಪ ಲಾಡಿ ಮುಂಜಾನೆ, ಹಸರ ಲಾಡಿ ರಾತ್ರಿ ಅಂತ. ರೈಲಿನ್ಯಾಗ ರಾತ್ರಿ ಹಚ್ಚೋದ ನೀಲಿ ದೀಪ. ಆ ಬೆಳಕಿನ್ಯಾಗ ಕೆಂಪ ಬಣ್ಣಕ್ಕ ತಿರಗಿ ಕೊಡಾಕ ಕೆಂಪ ಬೆಳಕ ಇರಂಗಿಲ್ಲ, ಅದಕ್ಕ ಕೆಂಪು ಕಪ್ಪ ಕಾಣತೈತಿ, ಕಡು ಹಸರು ಕಂದು ಎಲ್ಲಾ ಅದರಂಗ ಆಗಿ ಬಿಡತಾವ. ಹಗಲಿಗೆ ಬಣ್ಣ ಇರಲಿ, ಬ್ಯಾಡ ಅನ್ನಂಗಿಲ್ಲ, ಅದರ ಜೋಡಿ ಕೈಗೆ ಹತ್ತೋದೊಂದ ಇರಲೇಬೇಕು. ಗುಳಿಗಿ ಚೀಲಕ್ಕ ಒಂದ ದೊಡ್ಡ ಗುಂಡಿ ಹೊಲದ ಬಿಡ್ರಿ, ಬ್ಯಾರೆ ಯಾವ ಚೀಲಕ್ಕೂ ಗುಂಡಿ ಹಚ್ಚಬ್ಯಾಡ್ರಿ. ಮತ್ತ ಆ ಚೀಲ ಬರ್ತಿನ ಕೆಳಗಿನ ಬ್ಯಾಗಿನ್ಯಾಗ ಬ್ಯಾಡ, ಅವರ ತಲಿದಿಂಬಿನ ಹತ್ರಾನ ಇರಲಿ, ಬಿಸಲ ಬೀಳೋ ಕಿಟಕಿ ಕಟ್ಟಿ ಮ್ಯಾಲೆ ಇಡಬ್ಯಾಡ್ರಿ.


ನಿವೃತ್ತ ಮಾಸ್ತರ, ಮುದ್ದೇಬಿಹಾಳ ಕಡೆಯವ

ಇದನ್ನೆಲ್ಲಾ ಓದಿ ನಮ್ಮ ಕಡೆ ಮುದುಕ್ಯಾರ ಸೊಂಟದಾಗ ಇರತಿದ್ದ ಚಂಚಿ ನೆನಪಾತು. ಎಲಿ ಒಂದ ಖಾನೆ, ಅಡಕಿ ಒಂದ ಖಾನೆ, ಸುಣ್ಣದ ಡಬ್ಬಿ ಒಂದು, ತಂಬಾಕ ಒಂದು, ರೊಕ್ಕ ಎಲ್ಲಾದಕಿಂತ ಒಳಗ. ಮಾತಾಡಕೋತ ನೋಡದ ಕೈ ಹಾಕಿದ್ರೂ ಬೇಕಾದ್ದ ಬರತಿತ್ತು, ಯಾಕಂದ್ರ ಖಾನೆ ಯಾವತ್ತೂ ಬದಲ ಆಗತಿರಲಿಲ್ಲ. ಅದಕ್ಕ ಸೊಸಿಯಾರಿಗೆ ನನ್ನ ಮಾತ ಇಷ್ಟ, ಗುರುತ ಹಾಕೋದರ ಜೋಡಿ ಜಾಗಾನೂ ಗಟ್ಟಿ ಮಾಡ್ರಿ. ಪೂಜಿ ಚೀಲ ಬ್ಯಾಗಿನ ಎಡಕ ಅಂದ್ರ ಹೋಗೋವಾಗೂ ಎಡಕ, ಬರೋವಾಗೂ ಎಡಕ. ತಗೊಂಡವ್ರು ಅಲ್ಲೇ ಇಡಬೇಕು, ಹುಡುಗರಿಗೂ ಹೇಳ್ರಿ.

ಹಿಂದಕ ನಮ್ಮ ಊರಾಗ ಮಡಿವಾಳರು ಅರಿವಿಗೆ ಗುರುತ ಹಾಕತಿದ್ದದ್ದ ಕೇರು ಬೀಜದ ರಸದಿಂದ. ಸೂಜಿ ಮೊನಿಲೆ ರಸ ತಗೊಂಡ ಅರಿವಿ ಮೂಲಿಗೆ ಚುಕ್ಕಿ ಗೀಟ ಇಟ್ಟ ಮ್ಯಾಲೆ ಸುಣ್ಣ ಹಚ್ಚತಿದ್ರು, ಕರ್ರಗ ಕುಂಡ್ರತಿತ್ತು, ಅರಿವಿ ಹರದ್ರೂ ಗುರುತ ಹೋಗತಿರಲಿಲ್ಲ. ಹೆಸರ ಬರೀತಿರಲಿಲ್ಲ, ಒಂದ ಮನಿಗೆ ಎರಡ ಚುಕ್ಕಿ, ಇನ್ನೊಂದಕ್ಕ ಚುಕ್ಕಿ ನಡುವ ಗೀಟು, ಅಷ್ಟರಾಗ ಊರ ಮಂದಿ ಅರಿವಿಯೆಲ್ಲಾ ಬ್ಯಾರೆ ಆಗತಿದ್ವು. ಅವರ ಜ್ಞಾನ ದೊಡ್ಡದು. ಆದ್ರ ಈಗ ಯಾರೂ ಅದನ್ನ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ, ಕೇರಿನ ರಸ ಚರ್ಮಕ್ಕ ತಾಗಿದ್ರ ಬೊಬ್ಬಿ ಏಳತಾವ, ಹುಡುಗರ ಇರೋ ಮನ್ಯಾಗ ಬ್ಯಾಡೇ ಬ್ಯಾಡ.

ಹೊರಗಿನ ದೊಡ್ಡ ಬ್ಯಾಗಿಗೂ ಗುರುತ ಮರೀಬ್ಯಾಡ್ರಿ. ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೋಗೋವಾಗ ನಮ್ಮ ಗಂಟೆಲ್ಲಾ ಟ್ರ್ಯಾಕ್ಟರಿನ್ಯಾಗ ಬರತಾವ, ಒಂದ ಅಂಗಡಿ ಚೀಲ ಹತ್ತ ಮಂದಿ ಹಂತೇಕ ಇರತಾವ, ಸಂಜಿಕ ಇಳಿಸೋವಾಗ ಕತ್ತಲ್ಯಾಗ ಎಲ್ಲಾರೂ ಎಲ್ಲಾ ಬಿಚ್ಚಿ ನೋಡತಿರತಾರ. ಹಿಡಿಕಿಗೆ ಹಳೇ ಸೀರಿ ದಡಿ ತುಂಡ ಕಟ್ಟಿದವ್ರಿಗೆ ಮಾತ್ರ ತಮ್ಮದ ದೂರಿಂದ ಕಾಣತೈತಿ. ಊರು, ಫೋನ್ ನಂಬರ ಬರದ ಚೀಟಿ ಬ್ಯಾಗಿನ ಒಳಗ ಇಡ್ರಿ, ಮನಿ ವಿಳಾಸ ಹೊರಗ ಎದ್ದ ಕಾಣೋ ಹಂಗ ಬರೀಬ್ಯಾಡ್ರಿ, ಮನಿ ಖಾಲಿ ಐತಿ ಅಂತ ದಾರಿಗುಂಟ ಹೇಳಕೋತ ಹೋದಂಗ ಆಗತೈತಿ.


ನವನಗರದಾಕಿ, ಬಾಗಲಕೋಟಿ

ಎಲ್ಲಾರಿಗೂ ಕೈ ಮುಗದೇನ್ರಿ, ಇಷ್ಟ ಹೇಳತೀರಿ ಅನಕೊಂಡಿರಲಿಲ್ಲ. ಅಕ್ಕಾರ ಹೇಳಿದಂಗ ನಿನ್ನಿ ಸಂಜಿಕ ಅತ್ತಿಯವರನ್ನ ಕೇಳಿದೆ. ಪೂಜಿ ಚೀಲಕ್ಕ ತುಳಸಿಕಟ್ಟಿ ಅಂತ ನಾ ಅನಕೊಂಡಿದ್ದೆ, ಅವರು ಶಂಖ ಅಂದ್ರು. ಸೀರಿ ಚೀಲಕ್ಕ ಆನಿ, ಎಣ್ಣಿ ಬಾಚಣಕಿ ಚೀಲಕ್ಕ ಏನೂ ಬ್ಯಾಡ ಅದನ್ನ ಹಸಿರ ಖಣದಾಗ ಹೊಲದೀಯಲ್ಲ, ಅದರ ವಾಸನಿನ ಬರತೈತಿ ಅಂದ್ರು. ಗುಳಿಗಿ ಚೀಲಕ್ಕ ಮಾವನವರ ಹಳೇ ಕೋಟಿನ ಗುಂಡಿ ತಗದ ಇಟ್ಟಾರ. ಮ್ಯಾಟಿ ಅರಿವಿ ನಾಳಿ ತರತೇನಿ, ಕಸೂತಿ ಅವರಿಗೇನ ಬರತೈತಂತ, ಕನ್ನಡಕ ಹಾಕ್ಕೊಂಡ ತಾವ ಹಾಕತೇನಿ ಅಂದಾರ.

ಒಂದ ಸಂಶಯ ಉಳದೈತಿ. ಗಂಗ್ಯಾಗ ಜಳಕ ಮಾಡಿದ ಮ್ಯಾಲೆ ಒದ್ದಿ ಸೀರಿ ಧೋತರ ಎಲ್ಲಾ ಈ ಅರಿವಿ ಚೀಲದಾಗ ಹಾಕಿದ್ರ ಉಳದದ್ದೂ ಒದ್ದಿ ಆಗತೈತಿ, ಅದಕ್ಕೇನ ಮಾಡೋದು? ಪ್ಲಾಸ್ಟಿಕ್ ಕ್ಯಾರಿಬ್ಯಾಗ ಬ್ಯಾಡ ಅಂತೇನಿ.


ಟೇಲರ್, ಗುಳೇದಗುಡ್ಡ

ಅದಕ್ಕ ಅರಿವಿ ಚೀಲ ಬ್ಯಾಡ್ರಿ ಅಕ್ಕಾರ, ಇಳಕಲ್ಲ ಸೀರಿ ಕೆಂಪ ಸೆರಗಿನ ತುಂಡ ಇದ್ರ ಒದ್ಯಾಗ ಬಣ್ಣ ಬಿಟ್ಟ ಧೋತರಕ್ಕ ಹತ್ತೋ ಅಂಜಿಕಿನೂ ಇರತೈತಿ. ಬ್ಯಾಗ ಹೊಲಿಯೋರ ಹಂತೇಕ ತೆಳು ರೆಕ್ಸಿನ್ ಸಿಗತೈತಿ, ಅದರಾಗ ಒಂದ ದೊಡ್ಡದ ಹೊಲೀರಿ, ತಳಕ್ಕ ಹೊಲಗಿ ಬರದಂಗ ಅರಿವಿ ಮಡಿಕಿ ತಳಕ್ಕ ಬರೋ ಹಂಗ ಕತ್ತರಸ್ರಿ, ಬರೇ ಎರಡ ಬದಿಗೆ ಹೊಲಗಿ. ಬಾಯಿ ಎರಡ ಸುತ್ತ ಮಡಚಿ ಕಟ್ಟೋ ಹಂಗ ಉದ್ದ ಇರಲಿ. ಇದಕ್ಕ ಲೇಬಲ್ ಮ್ಯಾಲೆ ಹೊಲೀಬ್ಯಾಡ್ರಿ, ಸೂಜಿ ತೂತಿನ್ಯಾಗಿಂದ ನೀರ ಜಿನಗತೈತಿ, ಲಾಡಿ ತುದಿಗೆ ಪಟ್ಟಿ ಕಟ್ಟಿ ಬಿಡ್ರಿ. ರೂಮಿಗೆ ಹೋದ ಕೂಡಲೇ ಒದ್ದಿ ಅರಿವಿ ತಗದ ಹರವಿ ಚೀಲಾನೂ ತಿರುವಿ ಹಾಕ್ರಿ, ಇಲ್ಲಂದ್ರ ರಾತ್ರಿ ಕಳಿಯೋದರಾಗ ಮುಗ್ಗ ವಾಸನಿ ಹಿಡೀತೈತಿ.